'ಬ್ಯಾಕಪ್ ಆಯ್ತು' ಅಂತ ಬಂದರೆ ಸಾಲದು

ಮಾನ್ಯ ಸಂಪಾದಕರೆ,

ನಮ್ಮ ದಾವಣಗೆರೆಯಲ್ಲಿ ಲಿನಕ್ಸ್ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹುಡುಗರಿಗೆ ಕಮಾಂಡ್ ಜೊತೆಗೆ ಎಕ್ಸಿಟ್ ಕೋಡನ್ನೂ ಕಲಿಸಿ, ಅಂದರೆ ಕಮಾಂಡ್ ಮುಗಿಯುವಾಗ ಕೆಲಸ ಏನಾಯಿತು ಅಂತ ಹೇಳಿಹೋಗುವ ಅಂಕಿ. ಕೆಲಸಕ್ಕೆ ಬರುವ ಹುಡುಗರಿಗೆ ಟಾರ್‌ನ (ಫೈಲುಗಳನ್ನು ಒಟ್ಟಿಗೆ ಕಟ್ಟುವ ಕಮಾಂಡ್) ಆಪ್ಷನ್ನುಗಳೆಲ್ಲ ಬಾಯಿಪಾಠ, ಆದರೆ ಕಮಾಂಡ್ ಮುಗಿದ ಮೇಲೆ ಆ ಅಂಕಿ ತೋರಿಸುವ 'ಎಕೋ $?' ಕೊಟ್ಟು ನೋಡಿದ್ರಾ ಅಂದರೆ ಮುಖ ಮುಖ ನೋಡುತ್ತಾರೆ.

ಒಂದು ಮೆಕ್ಕೆಜೋಳದ ಮಂಡಿಯ ಸರ್ವರ್ ನೋಡಿಕೊಳ್ಳಲು ನನ್ನನ್ನು ಕರೆದಿದ್ದೇ ಅದರ ಡಿಸ್ಕ್ ಕೈಕೊಟ್ಟ ದಿನ. ಲಾಗ್‌ನಲ್ಲಿ ದಿನಾ ರಾತ್ರಿ 'ಬ್ಯಾಕಪ್ ಆಯ್ತು' ಅಂತ ಇತ್ತು. ಫೈಲುಗಳನ್ನು ತೆಗೆದು ನೋಡಿದರೆ ಒಂದೊಂದೂ ಬರೀ 20 ಬೈಟ್. ಏನೂ ಇಲ್ಲದ್ದನ್ನು ಪೈಪಿನಲ್ಲಿ (ಒಂದು ಕಮಾಂಡ್ ಕೊಟ್ಟಿದ್ದನ್ನು ಮುಂದಿನದಕ್ಕೆ ದಾಟಿಸುವ ದಾರಿ) ಫೈಲು ಕುಗ್ಗಿಸುವ ಜಿಜಿಪ್‌ಗೆ ಕೊಟ್ಟರೆ ಅದು ಮಾಡಿಕೊಡುವ ಖಾಲಿ ಫೈಲು ಅಷ್ಟೇ ಇರುತ್ತದೆ. ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ್ದರು, ಡೇಟಾಬೇಸಿನ ನಕಲು ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಅವತ್ತಿನಿಂದ ಫೇಲ್ ಆಗುತ್ತಲೇ ಇತ್ತು, ಆದರೆ ಪೈಪಿನಲ್ಲಿ ಶೆಲ್ (ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ) ಲೆಕ್ಕಕ್ಕೆ ಹಿಡಿಯುವುದು ಕೊನೆಯ ಕಮಾಂಡಿನ ಕೋಡನ್ನು ಮಾತ್ರ, ಜಿಜಿಪ್ ತನ್ನ ಪಾಲಿನ ಕೆಲಸ ಮುಗಿಸಿ 0 ಕೊಟ್ಟುಬಿಟ್ಟಿತ್ತು. ಎರರ್ ಸಾಲುಗಳನ್ನು, ಬಿದ್ದದ್ದೆಲ್ಲ ಮಾಯವಾಗುವ ಡೆವ್-ನಲ್‌ಗೆ ತಳ್ಳಿದ್ದರು. 15 ದಿನಕ್ಕಿಂತ ಹಳೆಯ ಬ್ಯಾಕಪ್ಪುಗಳು ತಾವಾಗಿಯೇ ಅಳಿಸಿಹೋಗಿದ್ದವು. ಮಂಡಿಯ ಗುಮಾಸ್ತರು ತೂಕದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ರೈತರ ಲೆಕ್ಕವನ್ನೆಲ್ಲ ಮೊದಲಿಂದ ಬರೆದರು, ಅದನ್ನು ನೋಡಿ ನನಗೆ ನಿಜವಾಗಲೂ ಸಂಕಟವಾಯಿತು.

ಬ್ಯಾಶ್ ಶೆಲ್ಲಿನ ಸ್ಕ್ರಿಪ್ಟಿನ ಮೇಲ್ಗಡೆ, ಪೈಪಿನಲ್ಲಿ ಯಾವ ಕಮಾಂಡ್ ಫೇಲ್ ಆದರೂ ಪೈಪೇ ಫೇಲ್ ಅನ್ನಿಸುವ 'ಸೆಟ್ -ಓ ಪೈಪ್‌ಫೇಲ್' ಅಂತ ಒಂದು ಸಾಲು, ಆಮೇಲೆ 'ಆಯ್ತು' ಅನ್ನುವ ಮುಂಚೆ ಕೋಡ್ ನೋಡುವ ಒಂದು 'ಇಫ್' ಇದ್ದಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು.

0 ಅಂದರೆ ಸರಿ, ಬೇರೆ ಏನು ಬಂದರೂ ತಪ್ಪು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬೇಡಿ. ಗ್ರೆಪ್‌ಗೆ ಹುಡುಕಿದ ಪದ ಸಿಗದಿದ್ದರೆ 1 ಕೊಡುತ್ತದೆ, ಅದು ತಪ್ಪಲ್ಲ. ಫೈಲೇ ಇಲ್ಲದಿದ್ದರೆ 2. ಎರಡು ಫೈಲು ಹೋಲಿಸುವ ಡಿಫ್ ಕೂಡ ಹಾಗೇ, ವ್ಯತ್ಯಾಸ ಇದ್ದರೆ 1. ಶೆಲ್ 127 ಅಂದರೆ ಕಮಾಂಡೇ ಸಿಗಲಿಲ್ಲ, 126 ಅಂದರೆ ಸಿಕ್ಕಿತು ಆದರೆ ಓಡಿಸಲು ಆಗಲಿಲ್ಲ. 137 ಬಂದರೆ ಅದರಲ್ಲಿ 128 ಕಳೆಯಿರಿ, ಉಳಿಯುವ 9 ಪ್ರೋಗ್ರಾಮನ್ನು ಕೊಲ್ಲುವ ಕಿಲ್ ಸಿಗ್ನಲ್, ಎಷ್ಟೋ ಸಲ ಮೆಮೊರಿ ಸಾಲದೆ ಸಿಸ್ಟಂನ ತಿರುಳಾದ ಕರ್ನಲ್ಲೇ ಹೊಡೆದು ಹಾಕಿರುತ್ತದೆ. ಇದೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಎಷ್ಟೋ ಕಮಾಂಡುಗಳ ಮ್ಯಾನ್ ಪೇಜಿನಲ್ಲಿ (ಕಮಾಂಡಿನ ಕೈಪಿಡಿ) 'ಎಕ್ಸಿಟ್ ಸ್ಟೇಟಸ್' ಅಂತ ಒಂದು ಭಾಗ ಇರುತ್ತದೆ, ಅದನ್ನು ತೆರೆದು ಓದುವ ಅಭ್ಯಾಸ ಮಾಡಿಸಿದರೆ ಸಾಕು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಬರೆಸುತ್ತೀರಲ್ವಾ? ಬರೆದಾದ ಮೇಲೆ ಬೇಕಂತಲೇ ಪಾಸ್‌ವರ್ಡ್ ತಪ್ಪು ಮಾಡಿಟ್ಟು, ಮತ್ತೊಮ್ಮೆ ಓಡಿಸಿ ಅನ್ನಿ. ಆಗಲೂ 'ಆಯ್ತು' ಅಂತ ಬಂದರೆ ಅಂಕ ಕೊಡಬೇಡಿ.

— ಒಬ್ಬ ಸಿಸ್ಟಂ ಅಡ್ಮಿನ್, ವಿದ್ಯಾನಗರ, ದಾವಣಗೆರೆ