ಮೆಮೊರಿ ರಕ್ಷಣೆ ಚಿಪ್‌ನಲ್ಲಿದ್ದರೆ ಸಾಲದು, ಚಾಲೂ ಆಗಿರಬೇಕು

ಮಾನ್ಯ ಸಂಪಾದಕರೆ,

ಸಣ್ಣ ಎಲೆಕ್ಟ್ರಾನಿಕ್ ಸಾಧನಗಳ ಸುರಕ್ಷತೆಯ ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈಗಿನ ಪ್ರೊಸೆಸರ್‌ಗಳ ಒಳಗೇ ಮೆಮೊರಿ ರಕ್ಷಣೆ ಇರುವುದರಿಂದ ಒಂದು ಪ್ರೋಗ್ರಾಮಿನ ತಪ್ಪು ಇನ್ನೊಂದಕ್ಕೆ ತಗಲುವುದಿಲ್ಲ ಎಂಬ ಮಾತು ಅದರಲ್ಲಿ ಬಂದಿದೆ. ಇಂಥ ಸಾಧನಗಳಿಗೆ ತಂತ್ರಾಂಶ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ಆ ಮಾತನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ರಕ್ಷಣೆಯ ಏರ್ಪಾಡು ಚಿಪ್‌ನಲ್ಲಿ ಇರುವುದು ಬಹುಪಾಲು ನಿಜ. ಆದರೆ ಅದು ಚಿಪ್‌ನಲ್ಲಿ ಇದೆ ಎನ್ನುವುದು ಬೇರೆ, ಸಾಧನದಲ್ಲಿ ಕೆಲಸ ಮಾಡುತ್ತಿದೆ ಎನ್ನುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರು ಮಾತ್ರವಲ್ಲ, ತಯಾರಿಸುವವರೂ ಮೋಸಹೋಗುವುದನ್ನು ಕಂಡಿದ್ದೇನೆ.

ಈ ರಕ್ಷಣೆ ನಡೆಯುವ ಬಗೆಯನ್ನು ತುಸು ವಿವರಿಸಬೇಕು. ಪ್ರೊಸೆಸರ್ ಮೆಮೊರಿಯಿಂದ ಒಂದು ಆದೇಶವನ್ನು ತರುವಾಗ, ಒಂದು ಮೌಲ್ಯವನ್ನು ಓದುವಾಗ ಅಥವಾ ಬರೆಯುವಾಗ, ಆ ವಿಳಾಸ ಯಾವ ಭಾಗಕ್ಕೆ ಸೇರಿದ್ದು, ಅಲ್ಲಿ ಓದುವುದು, ಬರೆಯುವುದು, ಆದೇಶವಾಗಿ ನಡೆಸುವುದು ಇವುಗಳಲ್ಲಿ ಯಾವುದಕ್ಕೆ ಅನುಮತಿ ಇದೆ, ಕೇಳುತ್ತಿರುವ ಪ್ರೋಗ್ರಾಮು ಸಾಮಾನ್ಯ ಸ್ಥಿತಿಯಲ್ಲಿದೆಯೋ ವಿಶೇಷಾಧಿಕಾರದ ಸ್ಥಿತಿಯಲ್ಲಿದೆಯೋ ಎಂಬುದನ್ನು ಪ್ರತಿ ಸಲವೂ ಒಂದು ಸರ್ಕ್ಯೂಟ್ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಆ ಕೆಲಸ ಅಲ್ಲಿಗೇ ನಿಂತು, ನಿಯಂತ್ರಣವು ವಿಶೇಷಾಧಿಕಾರವುಳ್ಳ ತಂತ್ರಾಂಶದ ಕೈಗೆ, ಅಂದರೆ ಸಾಮಾನ್ಯವಾಗಿ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್‌ಗೆ, ಹೋಗುತ್ತದೆ. ಸೆಕೆಂಡಿಗೆ ಕೋಟಿಗಟ್ಟಲೆ ಸಲ ನಡೆಯಬೇಕಾದ ಈ ತಪಾಸಣೆಯನ್ನು ತಂತ್ರಾಂಶಕ್ಕೇ ಒಪ್ಪಿಸಿದರೆ ಯಂತ್ರ ತೆವಳಬೇಕಾಗುತ್ತದೆ. ಆದ್ದರಿಂದಲೇ ಅದು ಯಂತ್ರಾಂಶದ ಪಾಲಿಗೆ ಬಂದಿದೆ. ಆದರೆ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಯಾರಿಗೆ ಏನು ಸಲ್ಲುತ್ತದೆ ಎಂಬ ಪಟ್ಟಿಯನ್ನು ಯಂತ್ರಾಂಶ ತಾನಾಗಿ ಬರೆದುಕೊಳ್ಳುವುದಿಲ್ಲ. ಅದನ್ನು ಬರೆದುಕೊಡಬೇಕಾದದ್ದು ತಂತ್ರಾಂಶ. ಪಟ್ಟಿ ಕೈಗೆ ಬಾರದ ಕಾವಲುಗಾರ ಯಾರನ್ನು ತಡೆದಾನು?

ಸಲಕರಣೆ ಮೊದಲು ಬಂದು ಬಳಕೆ ಹಿಂದೆ ಉಳಿಯುವುದು ಈ ವಿಷಯದಲ್ಲಿ ಹಳೆಯ ಕಥೆ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಸಾಲಿನ ಕಂಪ್ಯೂಟರ್‌ಗಳಲ್ಲಿ ಮೆಮೊರಿಯನ್ನು 2048 ಬೈಟ್‌ಗಳ ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿಗೂ 4 ಬಿಟ್‌ಗಳ ಒಂದು ಕೀಲಿಯನ್ನು ಕೊಡುವ ಏರ್ಪಾಡಿತ್ತು; ನಡೆಯುತ್ತಿರುವ ಪ್ರೋಗ್ರಾಮಿನ ಕೀಲಿ ಹೊಂದದಿದ್ದರೆ ಅಲ್ಲಿ ಬರೆಯಲು ಬರುತ್ತಿರಲಿಲ್ಲ. ವೈಯಕ್ತಿಕ ಕಂಪ್ಯೂಟರ್‌ಗಳ ಕಡೆ ಇಂಟೆಲ್‌ನ 80286 ಪ್ರೊಸೆಸರ್ 1982ರಲ್ಲಿ ಅಧಿಕಾರದ ನಾಲ್ಕು ಮಟ್ಟಗಳನ್ನು ತಂದಿತು, 1985ರ 80386 ಅದಕ್ಕೆ ಪುಟಗಳನ್ನು, ಅಂದರೆ ಮೆಮೊರಿಯನ್ನು 4096 ಬೈಟ್‌ಗಳ ತುಂಡುಗಳಾಗಿ ವಿಂಗಡಿಸುವ ಏರ್ಪಾಡನ್ನು, ಸೇರಿಸಿತು. ಈ ಪುಟದಲ್ಲಿ ಬರೆಯಬಹುದೆ, ಸಾಮಾನ್ಯ ಪ್ರೋಗ್ರಾಮು ಇದನ್ನು ಮುಟ್ಟಬಹುದೆ ಎಂದು ಹೇಳುವ ಬಿಟ್‌ಗಳು ಅಂದಿನಿಂದಲೂ ಇವೆ. ಹೀಗಿದ್ದೂ ಹತ್ತು ವರ್ಷಗಳ ಬಳಿಕ ಬಂದ ವಿಂಡೋಸ್ 95, ಹಳೆಯ ಪ್ರೋಗ್ರಾಮುಗಳೊಂದಿಗಿನ ಹೊಂದಾಣಿಕೆಗಾಗಿ, ವ್ಯವಸ್ಥೆಗೆ ಸೇರಿದ ಕೆಲವು ಮೆಮೊರಿ ಭಾಗಗಳನ್ನು ಎಲ್ಲ ಪ್ರೋಗ್ರಾಮುಗಳೂ ಬರೆಯಬಹುದಾದಂತೆ ತೆರೆದೇ ಇಟ್ಟಿತ್ತು. ಪುಟವೊಂದರಲ್ಲಿರುವುದನ್ನು ಆದೇಶವಾಗಿ ನಡೆಸಕೂಡದು ಎನ್ನುವ ಬಿಟ್ ಅನ್ನು ಎಎಂಡಿ ಸಂಸ್ಥೆ 2003ರಲ್ಲಿ ತನ್ನ 64 ಬಿಟ್ ಪ್ರೊಸೆಸರ್‌ಗಳೊಂದಿಗೆ ತಂದಿತು. ಮರುವರ್ಷ ವಿಂಡೋಸ್ ಎಕ್ಸ್‌ಪಿ ಅದನ್ನು ಬಳಸತೊಡಗಿದಾಗಲೂ, ಬಳಕೆದಾರ ತಾನಾಗಿ ಬದಲಾಯಿಸದ ಹೊರತು ಅದು ಮುಖ್ಯವಾಗಿ ವಿಂಡೋಸ್‌ನ ಸ್ವಂತ ಭಾಗಗಳಿಗಷ್ಟೇ ಅನ್ವಯಿಸುತ್ತಿತ್ತು.

ದೊಡ್ಡ ಕಂಪ್ಯೂಟರ್‌ಗಳೂ ಮೊಬೈಲ್ ಫೋನ್‌ಗಳೂ ಈ ಹಂತವನ್ನು ದಾಟಿವೆ. ಲೇಖನದ ವಸ್ತುವಾದ ಸಣ್ಣ ಸಾಧನಗಳು ದಾಟಿಲ್ಲ. ಅವುಗಳಲ್ಲಿ ಪುಟಗಳೂ ಪುಟಗಳ ಪಟ್ಟಿಯೂ ಇರುವುದಿಲ್ಲ. ಅವುಗಳ ಬದಲಿಗೆ ಎಂಪಿಯು (ಮೆಮೊರಿ ರಕ್ಷಣಾ ಘಟಕ) ಎಂದು ಕರೆಯುವ ಒಂದು ಚಿಕ್ಕ ಘಟಕವಿರುತ್ತದೆ. ಆರ್ಮ್ ಸಂಸ್ಥೆಯ ಕಾರ್ಟೆಕ್ಸ್-ಎಂ3, ಎಂ4 ವಿನ್ಯಾಸಗಳಲ್ಲಿ ಇದು ಐಚ್ಛಿಕ. ಚಿಪ್ ತಯಾರಕರು ಅದನ್ನು ಸೇರಿಸಿದ್ದರೆ ಎಂಟು ವಲಯಗಳನ್ನು ಗುರುತಿಸಬಹುದು. ಪ್ರತಿ ವಲಯದ ಅಳತೆ 32 ಬೈಟ್‌ಗಳಿಗಿಂತ ಕಡಿಮೆಯಿರಬಾರದು, ಎರಡರ ಘಾತವಾಗಿರಬೇಕು, ಮತ್ತು ವಲಯದ ಆರಂಭ ವಿಳಾಸ ಆ ಅಳತೆಯಿಂದಲೇ ನಿಶ್ಶೇಷವಾಗಿ ಭಾಗವಾಗುವಂತಿರಬೇಕು. ಬೇಲಿಯನ್ನು ಬೇಕಾದ ಕಡೆ ಹಾಕಲು ಬಿಡದೆ, ಬೇಲಿಗೆ ತಕ್ಕಂತೆ ಹೊಲವನ್ನೇ ಅಳೆದುಕೊಳ್ಳಿ ಎನ್ನುವ ಈ ನಿಯಮ ಪ್ರೋಗ್ರಾಮರ್‌ಗಳ ಸಹನೆಯನ್ನು ಎಷ್ಟು ಪರೀಕ್ಷಿಸಿದೆಯೆಂಬುದು ಅದನ್ನು ಬಳಸಿದವರಿಗೇ ಗೊತ್ತು. (ಮುಂದಿನ ಪೀಳಿಗೆಯ ವಿನ್ಯಾಸದಲ್ಲಿ ಆರ್ಮ್ ಈ ನಿಯಮವನ್ನು ಸಡಿಲಿಸಿತು ಎಂಬುದನ್ನೂ ಹೇಳಬೇಕು.) ಎಲ್ಲಕ್ಕಿಂತ ಮುಖ್ಯವಾದದ್ದೆಂದರೆ, ಚಿಪ್‌ಗೆ ವಿದ್ಯುತ್ ಕೊಟ್ಟಾಗ ಈ ಘಟಕ ಬಂದ್ ಸ್ಥಿತಿಯಲ್ಲಿರುತ್ತದೆ, ತಂತ್ರಾಂಶವು ವಲಯಗಳನ್ನು ಬರೆದು ಅದನ್ನು ಚಾಲೂ ಮಾಡುವವರೆಗೆ ಅದು ಇದ್ದೂ ಇಲ್ಲದಂತೆ.

ರಿಸ್ಕ್-ಫೈವ್ ಎಂಬ ಇನ್ನೊಂದು ವಿನ್ಯಾಸದ ಪ್ರೊಸೆಸರ್‌ಗಳಲ್ಲಿ ಇದೇ ಕೆಲಸಕ್ಕೆ ಪಿಎಂಪಿ ಎಂಬ ವ್ಯವಸ್ಥೆಯಿದೆ. ಪ್ರತಿ ನಮೂದಿನಲ್ಲಿ ಓದು, ಬರಹ, ಚಾಲನೆ ಇವುಗಳಿಗೆ ಒಂದೊಂದು ಬಿಟ್ ಇರುವುದಲ್ಲದೆ, ಒಮ್ಮೆ ಹಾಕಿದರೆ ಚಿಪ್ ರೀಸೆಟ್ ಆಗುವವರೆಗೆ ಆ ನಮೂದನ್ನು ಯಾರೂ ತಿದ್ದಲಾಗದಂತೆ ಮಾಡುವ ಬೀಗದ ಬಿಟ್ ಕೂಡ ಇರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಅತ್ಯುನ್ನತ ಅಧಿಕಾರದ ಸ್ಥಿತಿಯಲ್ಲಿ ನಡೆಯುವ ತಂತ್ರಾಂಶಕ್ಕೆ, ಬೀಗ ಹಾಕದ ನಮೂದುಗಳು ಅನ್ವಯಿಸುವುದೇ ಇಲ್ಲ. ಸಣ್ಣ ಸಾಧನಗಳಲ್ಲಿ ಸರಳತೆಗಾಗಿ ಇಡೀ ತಂತ್ರಾಂಶವನ್ನು ಅದೇ ಸ್ಥಿತಿಯಲ್ಲಿ ನಡೆಸುವ ರೂಢಿಯಿದೆ; ಹಾಗೆ ಮಾಡಿ, ಬೀಗವನ್ನೂ ಹಾಕದೆ, ಎಷ್ಟೇ ಅಚ್ಚುಕಟ್ಟಾಗಿ ನಮೂದುಗಳನ್ನು ಬರೆದರೂ ಅವು ಏನನ್ನೂ ತಡೆಯುವುದಿಲ್ಲ.

ಇದು ಬರಿಯ ಸಿದ್ಧಾಂತವಲ್ಲವೆಂದು ತೋರಿಸಲು ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ತಂಡ ತಯಾರಿಸಿದ ಅಳತೆಯ ಸಾಧನವೊಂದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅರ್ಥವಿಲ್ಲದ ಅಂಕಿಗಳನ್ನು ತೋರಿಸುತ್ತಿತ್ತು. ಸೆನ್ಸರ್ ಬದಲಾಯಿಸಿದ್ದಾಯಿತು, ತಂತಿ ಬದಲಾಯಿಸಿದ್ದಾಯಿತು, ವಿದ್ಯುತ್ ಪೂರೈಕೆಯನ್ನು ದೂರಿದ್ದೂ ಆಯಿತು. ಅದರ ಚಿಪ್‌ನಲ್ಲಿ ಎಂಪಿಯು ಇತ್ತು. ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಒಂದು ಟಾಸ್ಕ್‌ನ (ತಂತ್ರಾಂಶದಲ್ಲಿ ತನ್ನಷ್ಟಕ್ಕೆ ನಡೆಯುವ ಒಂದು ಕೆಲಸದ) ಸ್ಟ್ಯಾಕ್, ಅಂದರೆ ಅದರ ತಾತ್ಕಾಲಿಕ ಮೌಲ್ಯಗಳಿಗೆ ಮೀಸಲಾದ ಮೆಮೊರಿ, ಕೊನೆಯಾಗುವಲ್ಲಿ 32 ಬೈಟ್‌ಗಳ ತುಂಡೊಂದನ್ನು ಯಾರೂ ಮುಟ್ಟಕೂಡದ ವಲಯವೆಂದು ಗುರುತಿಸಿ ನಾನು ಅದನ್ನು ಚಾಲೂ ಮಾಡಿದೆ. ಸಾಧನ ಹತ್ತೇ ನಿಮಿಷದಲ್ಲಿ ನಿಂತಿತು. ಆ ಸ್ಟ್ಯಾಕ್ ದಿನವೂ ಉಕ್ಕಿ, ಅಂಕಿಗಳನ್ನು ಇಡುವ ಪಕ್ಕದ ಬಫರ್‌ನ ಮೇಲೆ ಬರೆಯುತ್ತಿತ್ತು. ಆ ಜಾಗದಲ್ಲಿ ಬಳಕೆಗೆ ಬೇಕಾದ ಅಂಕಿ ಇದ್ದ ಗಳಿಗೆಯಲ್ಲಿ ಮಾತ್ರ ಅದು ನಮ್ಮ ಕಣ್ಣಿಗೆ ಬೀಳುತ್ತಿತ್ತು. ಸ್ಟ್ಯಾಕ್‌ನ ಅಳತೆ ಹೆಚ್ಚಿಸಿ ದೋಷವನ್ನು ಸರಿಪಡಿಸಿದೆವು. ಆದರೆ ಗ್ರಾಹಕರಿಗೆ ಕಳಿಸುವ ಮುನ್ನ ಎಂಪಿಯುವನ್ನು ಮತ್ತೆ ಬಂದ್ ಮಾಡುವಂತೆ ನನಗೆ ಸೂಚನೆ ಬಂತು, ಏಕೆಂದರೆ ಮೇಲಿನವರ ಲೆಕ್ಕದಲ್ಲಿ ಸಾಧನವನ್ನು ನಿಲ್ಲಿಸಿದ್ದು ಸ್ಟ್ಯಾಕ್ ಅಲ್ಲ, ಎಂಪಿಯು. ತಪ್ಪು ಅಂಕಿ ತೋರಿಸುತ್ತ ನಡೆಯುವ ಸಾಧನಕ್ಕಿಂತ ತಪ್ಪಾದ ಕೂಡಲೇ ನಿಲ್ಲುವ ಸಾಧನ ಕೆಟ್ಟದ್ದು ಎಂಬ ಆ ತರ್ಕವನ್ನು ನಾನು ಇಂದಿಗೂ ಒಪ್ಪಲಾರೆ. ಬಂದ್ ಮಾಡಿದ್ದು ಮಾತ್ರ ನಾನೇ.

ಎಂಪಿಯು ಚಾಲೂ ಇದ್ದರೂ ಒಂದು ಬಾಗಿಲು ತೆರೆದಿರುವ ಸಾಧ್ಯತೆಯನ್ನು ಲೇಖನ ಪ್ರಸ್ತಾಪಿಸಿಲ್ಲ. ಈ ಕಾವಲು ನಿಂತಿರುವುದು ಪ್ರೊಸೆಸರ್‌ನ ಎದುರಿಗೆ. ಪ್ರೊಸೆಸರ್‌ನ ಹಂಗಿಲ್ಲದೆ ಮೆಮೊರಿಗೆ ನೇರವಾಗಿ ದತ್ತಾಂಶ ಸಾಗಿಸುವ ಡಿಎಂಎ ಘಟಕಕ್ಕೆ ಆ ಕಾವಲು ಅಡ್ಡಬರುವುದಿಲ್ಲ. ಹಕ್ಕಿಲ್ಲದ ಟಾಸ್ಕ್ ಒಂದಕ್ಕೆ ಡಿಎಂಎಗೆ ಕೆಲಸ ಹೇಳುವ ರಿಜಿಸ್ಟರ್‌ಗಳನ್ನು ಮುಟ್ಟಲು ಬಿಟ್ಟರೆ, ತಾನು ಬರೆಯಲಾಗದ ಜಾಗದಲ್ಲಿ ಅದು ಡಿಎಂಎಯ ಕೈಯಿಂದ ಬರೆಸಬಹುದು. ದೊಡ್ಡ ಕಂಪ್ಯೂಟರ್‌ಗಳಲ್ಲಿ ಇದಕ್ಕೆಂದೇ ಐಒಎಂಎಂಯು ಎಂಬ ಪ್ರತ್ಯೇಕ ಕಾವಲು ಇದೆ. ಅನೇಕ ಸಣ್ಣ ಚಿಪ್‌ಗಳಲ್ಲಿ ಅಂಥದ್ದಿಲ್ಲ.

ಕಾವಲುಗಾರನೇ ಎಡವಿದ ಪ್ರಸಂಗವೂ ಉಂಟು. 2018ರ ಜನವರಿಯಲ್ಲಿ ಬಹಿರಂಗವಾದ ಮೆಲ್ಟ್‌ಡೌನ್ ದೋಷದಲ್ಲಿ, ಕರ್ನಲ್‌ನ ಪುಟವನ್ನು ಸಾಮಾನ್ಯ ಪ್ರೋಗ್ರಾಮು ಮುಟ್ಟಕೂಡದು ಎಂಬ ಬಿಟ್ ಸರಿಯಾಗಿಯೇ ಇತ್ತು. ಆದರೆ ವೇಗಕ್ಕಾಗಿ ಮುಂದಿನ ಆದೇಶಗಳನ್ನು ಊಹೆಯ ಮೇಲೆ ನಡೆಸುವ ಪ್ರೊಸೆಸರ್, ಅನುಮತಿಯಿಲ್ಲವೆಂದು ಆ ಕೆಲಸವನ್ನು ರದ್ದುಮಾಡುವಷ್ಟರಲ್ಲಿ, ಓದಿದ ಮೌಲ್ಯದ ಸುಳಿವು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್‌ನ ಒಳಗಿನ ವೇಗದ ಪುಟ್ಟ ಮೆಮೊರಿಯಲ್ಲಿ, ಉಳಿದುಬಿಡುತ್ತಿತ್ತು. ಸಮಯವನ್ನು ಅಳೆದು ಆ ಸುಳಿವನ್ನು ಹಿಡಿಯಬಹುದಿತ್ತು. ಮಾರಾಟವಾಗಿ ಹೋದ ಚಿಪ್‌ಗಳನ್ನು ತಿದ್ದುವುದು ಸಾಧ್ಯವಿರಲಿಲ್ಲವಾದ್ದರಿಂದ, ಸಾಮಾನ್ಯ ಪ್ರೋಗ್ರಾಮು ನಡೆಯುವಾಗ ಕರ್ನಲ್‌ನ ಬಹುಪಾಲು ಪುಟಗಳು ಪಟ್ಟಿಯಲ್ಲೇ ಇಲ್ಲದಂತೆ ಕಾರ್ಯಾಚರಣಾ ವ್ಯವಸ್ಥೆಗಳನ್ನು ಬದಲಾಯಿಸಲಾಯಿತು. ಯಂತ್ರಾಂಶದ ತಪ್ಪಿಗೆ ಪರಿಹಾರ ಸಿಕ್ಕಿದ್ದು ಪಟ್ಟಿಯನ್ನು ಬೇರೆ ರೀತಿಯಲ್ಲಿ ಬರೆಯುವುದರಿಂದ ಎಂಬುದನ್ನು ಗಮನಿಸಬೇಕು.

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತದ್ದು ಇದಕ್ಕೆ ವಿರುದ್ಧವಾದ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶ ಮಿತಿ ಮೀರಿದ ವಿಳಾಸವನ್ನು ಓದಲು ಹೋದಾಗ ಯಂತ್ರಾಂಶದ ತಡೆ ತನ್ನ ಕೆಲಸ ಮಾಡಿತು. ಆದರೆ ತಪ್ಪುಮಾಡಿದ ಭಾಗ ಕರ್ನಲ್‌ನ ಅಧಿಕಾರದಲ್ಲೇ ನಡೆಯುತ್ತಿತ್ತು. ಅದೊಂದನ್ನು ಮಾತ್ರ ಕೊನೆಗೊಳಿಸಿ ಉಳಿದದ್ದನ್ನು ನಡೆಸುವ ದಾರಿಯಿಲ್ಲದೆ ಇಡೀ ಯಂತ್ರ ನಿಲ್ಲಬೇಕಾಯಿತು. ಅಧಿಕಾರದ ಗೆರೆಯ ಯಾವ ಬದಿಗೆ ಯಾರನ್ನು ಇರಿಸುತ್ತೇವೆ ಎಂಬುದು ಗೆರೆಯಷ್ಟೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ವಲಯ, ಪುಟಗಳ ಬದಲು ಪ್ರತಿಯೊಂದು ಪಾಯಿಂಟರ್‌ಗೂ (ಪ್ರೋಗ್ರಾಮು ಇಟ್ಟುಕೊಳ್ಳುವ ಮೆಮೊರಿ ವಿಳಾಸಕ್ಕೂ) ಅದರ ಎಲ್ಲೆ ಮತ್ತು ಅನುಮತಿಗಳನ್ನು ಅಂಟಿಸಿ, ಅದನ್ನು ಯಾರೂ ನಕಲಿ ಮಾಡದಂತೆ ಯಂತ್ರಾಂಶವೇ ಕಾಯುವ ಚೆರಿ ಎಂಬ ವಿನ್ಯಾಸ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಎಸ್‌ಆರ್‌ಐ ಇಂಟರ್‌ನ್ಯಾಷನಲ್‌ನಲ್ಲಿ 2010ರಿಂದ ಬೆಳೆದುಬಂದಿದೆ. ಆರ್ಮ್ ಅದನ್ನು ಅಳವಡಿಸಿದ ಮೊರೆಲ್ಲೊ ಎಂಬ ಪ್ರಾಯೋಗಿಕ ಬೋರ್ಡ್ ಅನ್ನು 2022ರಲ್ಲಿ ಹೊರತಂದಿತು. ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಆದರೆ ಇದ್ದ ಎಂಟು ವಲಯಗಳನ್ನೇ ಬಂದ್ ಮಾಡಿಡುವವರ ಕೈಗೆ ಅದು ಬಂದಾಗ ಏನಾದೀತೆಂಬ ಅನುಮಾನವೂ ಇದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದೆ ಇಂಥ ಸಾಧನಗಳ ಬಗ್ಗೆ ಬರೆಯುವಾಗ ನಿಮ್ಮ ವರದಿಗಾರರು ತಯಾರಕರನ್ನು ಮೆಮೊರಿ ರಕ್ಷಣೆ ಇದೆಯೇ ಎಂದು ಮಾತ್ರ ಕೇಳದೆ, ಮಾರಾಟಕ್ಕೆ ಬರುವ ಸಾಧನದಲ್ಲಿ ಅದು ಚಾಲೂ ಇರುತ್ತದೆಯೇ, ಹೊರಗಿನಿಂದ ಬರುವ ದತ್ತಾಂಶವನ್ನು ಬಿಡಿಸಿ ಓದುವ ಭಾಗ ವಿಶೇಷಾಧಿಕಾರವಿಲ್ಲದ ಸ್ಥಿತಿಯಲ್ಲಿ ನಡೆಯುತ್ತದೆಯೇ, ಡಿಎಂಎಯನ್ನು ಯಾರು ಮುಟ್ಟಬಹುದು ಎಂದೂ ಕೇಳಲಿ. ಮೊದಲನೆಯ ಪ್ರಶ್ನೆಗೆ ಚಿಪ್‌ನ ಕೈಪಿಡಿಯೇ ಉತ್ತರ ಕೊಡುತ್ತದೆ. ಉಳಿದ ಮೂರಕ್ಕೆ ಉತ್ತರ ಆ ತಂತ್ರಾಂಶವನ್ನು ಬರೆದವರ ಬಳಿ ಮಾತ್ರ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಂಬೆಡೆಡ್ ತಂತ್ರಾಂಶ ಎಂಜಿನಿಯರ್