ಗ್ರೈಂಡರ್ ಕೆಳಗಿಡು ಅಂದವರಿಗೆ

ಮೊನ್ನೆ ಶನಿವಾರ ನನ್ನ ಮಾಜ್ದಾ ಆರ್‌ಎಕ್ಸ್-7, ಇಂಜಿನ್ ಮತ್ತೆ ಕಟ್ಟಿದ ಮೇಲಿನ ಸಾವಿರದ ಕಿಲೋಮೀಟರ್ ಓಡಿತು. ಆಕ್ಲೆಂಡಿನಿಂದ ದಕ್ಷಿಣಕ್ಕೆ ಹೊರಟು ಬಾಂಬೆ ಹಿಲ್ಸ್ ಏರು ಹತ್ತುತ್ತಿದ್ದೆ. (ಹೌದು, ಇಲ್ಲೂ ಒಂದು ಬಾಂಬೆ ಇದೆ. ಒಂದು ಹಡಗಿನ ಹೆಸರು ಊರಿಗೆ ಅಂಟಿಕೊಂಡದ್ದು.) ಏರು ಮುಗಿದ ಮೇಲೆ ಕಾರು ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ನೋಡಿದೆ. ಎಲ್ಲೂ ಆಯಿಲ್ ಸೋರಿಲ್ಲ, ನೀರು ಕಡಿಮೆಯಾಗಿಲ್ಲ. ಮೂರು ವರ್ಷದ ಕೆಲಸ ಇದು. ನನ್ನೊಬ್ಬನ ಕೈಯಲ್ಲಿ ಆದದ್ದಲ್ಲ, ಅದಕ್ಕೇ ಈ ಬರಹ.

ಕಾರು 1982ರದ್ದು. ಒಳಗಿರುವುದು 12ಎ ಅನ್ನುವ ರೋಟರಿ ಇಂಜಿನ್. 573 ಸಿಸಿಯ ಎರಡು ಕೋಣೆ, ಒಂದೊಂದರಲ್ಲೂ ಸುತ್ತುವ ಒಂದು ರೋಟರ್, ಮೇಲೆ ನಾಲ್ಕು ಬಾಯಿಯ ನಿಕ್ಕಿ ಕಾರ್ಬ್ಯುರೇಟರ್. ಕೊಂಡಾಗ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿ ಕಿವಿಗೊಟ್ಟರೆ ಮುಂದಿನ ರೋಟರ್ ಪುಸ್, ಪುಸ್, ಪುಸ್ ಅಂತ ಒಂದೇ ತಾಳದಲ್ಲಿ ಉಸಿರಾಡುತ್ತಿತ್ತು. ಹಿಂದಿನದು ಒಂದು ಸಲ ಪುಸ್ ಅಂದು ಮುಂದಿನ ಎರಡಕ್ಕೆ ಸುಮ್ಮನಾಗುತ್ತಿತ್ತು. ರೋಟರಿನ ತುದಿಯ ಸೀಲ್, ಅಂದರೆ ಗಾಳಿ ಸೋರದ ಹಾಗೆ ತಡೆಯುವ ಪಟ್ಟಿ, ಒಂದು ಅಲ್ಲೇ ಅಂಟಿ ಕೂತಿದೆ ಅಂತ ಅರ್ಥ. ಹೇಗೂ ಇಂಜಿನ್ ಬಿಚ್ಚಬೇಕು, ಹಾಗೇ ಪೋರ್ಟಿಂಗ್ ಕೂಡ ಮಾಡಿಬಿಡೋಣ ಅಂತ ಹೊರಟೆ.

ಪೋರ್ಟಿಂಗ್ ಅಂದರೆ ಏನಪ್ಪಾ ಅಂತ ಕೇಳಿದ ನೆಂಟರಿಗೆ ಇಷ್ಟು ಹೇಳಬಹುದು. ಈ ಇಂಜಿನ್‌ನಲ್ಲಿ ವಾಲ್ವ್ ಇಲ್ಲ, ಪಿಸ್ಟನ್ ಇಲ್ಲ. ಕಡಲೆಕಾಯಿಯ ಹಾಗೆ ನಡು ಒಳಗೆ ಸರಿದ ಹೌಸಿಂಗ್, ಅದರೊಳಗೆ ಸುತ್ತುವ ಮೂರು ಮೂಲೆಯ ರೋಟರ್. ಅಕ್ಕಪಕ್ಕದ ಕಬ್ಬಿಣದ ಪ್ಲೇಟಿನಲ್ಲಿ ಗಾಳಿ, ಪೆಟ್ರೋಲ್ ಬರುವ ಕಿಂಡಿ ಇದೆ. ರೋಟರಿನ ಮಗ್ಗುಲು ಸುತ್ತುತ್ತಾ ಈ ಕಿಂಡಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಕಿಂಡಿಯನ್ನು ದೊಡ್ಡದು ಮಾಡಿದರೆ ಅದು ತಡವಾಗಿ ಮುಚ್ಚುತ್ತದೆ. ಇಂಜಿನ್ ಜೋರಾಗಿ ಸುತ್ತುವಾಗ ಗಾಳಿ ತನ್ನ ವೇಗಕ್ಕೇ ಇನ್ನಷ್ಟು ಒಳಗೆ ನುಗ್ಗುತ್ತದೆ, ಶಕ್ತಿ ಹೆಚ್ಚುತ್ತದೆ. ನಿಧಾನಕ್ಕೆ ಸುತ್ತುವಾಗ ಒಳಗೆ ಬಂದದ್ದರಲ್ಲಿ ಸ್ವಲ್ಪ ವಾಪಸ್ ಹೋಗುತ್ತದೆ, ಆಗ ಐಡ್ಲಿಂಗ್ ಕುಂಟುತ್ತದೆ. ದಿನಾ ರಸ್ತೆಗೆ ತರುವ ಕಾರಿಗೆ ಮಿತವಾಗಿ ಕೊರೆಯುವುದನ್ನು ಸ್ಟ್ರೀಟ್ ಪೋರ್ಟ್ ಅನ್ನುತ್ತಾರೆ. ನಾನು ಮಾಡಬೇಕೆಂದುಕೊಂಡದ್ದೂ ಅದನ್ನೇ.

ಒಂದು ರಾತ್ರಿ 11 ಗಂಟೆಗೆ ಹಿಂದಿನ ಪ್ಲೇಟನ್ನು ಹಾಳು ಮಾಡಿದೆ. ಅಚ್ಚು ಇಟ್ಟು, ನೀಲಿ ಬಣ್ಣ ಬಳಿದು, ಸೂಜಿಯಲ್ಲಿ ಗೆರೆ ಎಳೆದಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಆಸೆ ನೋಡಿ, ಇನ್ನೊಂಚೂರು, ಇನ್ನೊಂಚೂರು ಅಂತ ಕಬ್ಬಿಣ ಕೊರೆಯುವ ಗ್ರೈಂಡರ್ ಹೊರ ಅಂಚಿಗೆ ಹೋಯಿತು, ಜಾರಿ ಗೆರೆ ದಾಟಿ ಎರಡು ಮಿಲಿಮೀಟರ್ ಕೊರೆಯಿತು. ಆ ಹೊರ ಅಂಚಿನ ಮೇಲೇ ರೋಟರಿನ ಮೂಲೆಯ ಸೀಲ್ ಓಡಾಡುವುದು. ಶರ್ಟಿನ ಗುಂಡಿಯಷ್ಟು ಚಿಕ್ಕದು ಅದು. ಕೆಳಗೆ ಆಸರೆ ಇಲ್ಲದಿದ್ದರೆ ಕಿಂಡಿಯೊಳಗೆ ಇಳಿದು ಮುರಿಯುತ್ತದೆ, ಮುರಿದ ತುಂಡು ಇಂಜಿನ್ನನ್ನೇ ತಿನ್ನುತ್ತದೆ. ಪ್ಲೇಟು ಗುಜರಿಗೆ ಹೋಯಿತು. ಆಮೇಲೆ ನಾಲ್ಕು ತಿಂಗಳು ನಾನು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ.

ತೆಗೆಸಿದವರು ಪಕ್ಕದ ಬೀದಿಯ ಹಿರಿಯರೊಬ್ಬರು. ಬದುಕೆಲ್ಲಾ ಲೇತಿನ ಮುಂದೆ ನಿಂತವರು, ಹರೆಯದಲ್ಲಿ ಇದೇ ಇಂಜಿನ್ ಹಾಕಿ ರೇಸ್ ಓಡಿಸಿದವರು. ನನ್ನ ಪ್ಲೇಟಿನ ಅಂಚಿಗೆ ಉಗುರು ಎಳೆದು ನೋಡಿ, "ಮೊದಲನೇ ಪ್ಲೇಟು ಎಲ್ಲರದ್ದೂ ಹೀಗೇ ಹೋಗೋದು" ಅಂದರು. ತಮ್ಮ ಶೆಡ್ಡಿನ ಬೆಂಚಿನ ಕೆಳಗಿಂದ ಇನ್ನೊಂದನ್ನು ಎಳೆದು ತಂದರು. ನೇರಪಟ್ಟಿ ಇಟ್ಟು, ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ, 0.04 ಮಿಲಿಮೀಟರಿಗಿಂತ ಜಾಸ್ತಿ ಬಾಗಿಲ್ಲ ಅಂತ ತೋರಿಸಿದರು. ದುಡ್ಡು ಮುಟ್ಟಲಿಲ್ಲ. ಒಂದೇ ಷರತ್ತು: ಕೊರೆಯುವಾಗ ತಾವು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತೇವೆ.

ಕೂತರು. ಪ್ರತಿ ಐದು ನಿಮಿಷಕ್ಕೊಮ್ಮೆ ಗ್ರೈಂಡರ್ ಕೆಳಗಿಡು ಅನ್ನುತ್ತಿದ್ದರು. ಕಾಗದದಲ್ಲಿ ಅಚ್ಚು ತೆಗೆ, ಮುಂದಿನ ಪ್ಲೇಟಿನ ಕಿಂಡಿಗೆ ಹೋಲಿಸು, ಟೀ ಕುಡಿ. ಒಂದು ಕಿಂಡಿಗೆ ಎರಡು ವಾರಾಂತ್ಯ. ಮುಚ್ಚುವ ಅಂಚನ್ನು ಚೂಪಾಗಿ ಬಿಡಬೇಡ, ಪಕ್ಕದ ಸೀಲ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಇಳಿಜಾರು ಮಾಡು ಅಂತ ಕೈ ಹಿಡಿದು ಮಾಡಿಸಿದರು. ಹೊಗೆ ಹೋಗುವ ಕಿಂಡಿಗಂತೂ ನನ್ನನ್ನು ಬಿಡಲೇ ಇಲ್ಲ, ತಾವೇ ಮಾಡಿದರು. ಅಲ್ಲಿ ಹೌಸಿಂಗಿನ ಒಳಮೈಗೆ ಕ್ರೋಮ್ ಪದರ ಇರುತ್ತದೆ. ಅದರ ಅಂಚು ಒಮ್ಮೆ ಎದ್ದರೆ ಹೌಸಿಂಗ್ ಕೈಬಿಟ್ಟ ಹಾಗೇ. ಅದು ಅವಮಾನ ಅಂತ ನನಗೆ ಅನಿಸಲಿಲ್ಲ, ನಿಜ ಹೇಳಬೇಕೆಂದರೆ ಉಸಿರು ಬಂತು.

ಅವರ ಪಕ್ಕ ಕೂತು ಕೊರೆಯುವಾಗ ಮೈಸೂರಿನ ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಭಾಯ್ ನೆನಪಾಗುತ್ತಿದ್ದರು. ಅಪ್ಪನ ಯೆಜ್ಡಿ ಬೈಕಿನ ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ಅರದಿಂದ ಪೋರ್ಟ್ ತೀಡುತ್ತಿದ್ದರು. ನಾನು ಆಗ ಏಳನೇ ಕ್ಲಾಸು. "ಉಜ್ಜಿದ್ದನ್ನ ವಾಪಸ್ ಅಂಟಿಸೋಕಾಗಲ್ಲ ಕಣಪ್ಪಾ" ಅಂದಿದ್ದರು. ಮಾತು ನೆನಪಿತ್ತು, ಆ ರಾತ್ರಿ 11 ಗಂಟೆಗೆ ಮಾತ್ರ ಇರಲಿಲ್ಲ. ಪೆಟ್ರೋಲಿಗೆ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ರೋಟರಿಯ ಸೀಲಿಗೂ ಆಯಿಲ್ ಬೇಕು. ಅದಕ್ಕೆ ಕಾರಿನಲ್ಲೇ ಒಂದು ಪಂಪ್ ಇದೆ, ಆದರೂ ನಾನು ಟ್ಯಾಂಕಿಗೆ ಸ್ವಲ್ಪ ಸುರಿಯುತ್ತೇನೆ. ಆ ವಾಸನೆ ಬಂದರೆ ನನಗೆ ಚಾಮುಂಡಿ ಬೆಟ್ಟದ ರಸ್ತೆಯೇ ಕಣ್ಣಿಗೆ ಬರುತ್ತದೆ.

ಇನ್ನು ನಮ್ಮ ಅತ್ತೆ. ಬಾಣಂತನಕ್ಕೆ ಅಂತ ಬಂದವರು. ಒಂದೊಂದು ರೋಟರಿಗೂ ತುದಿಯ ಸೀಲ್ ಮೂರು, ಪಕ್ಕದ್ದು ಆರು, ಮೂಲೆಯದ್ದು ಆರು. ಜೊತೆಗೆ ಎಲ್ಲದರ ಸ್ಪ್ರಿಂಗು. ಯಾವುದು ಯಾವ ಮೂಲೆಯದ್ದು ಅನ್ನುವುದು ತಪ್ಪಬಾರದು. ಊಟದ ಮೇಜಿನ ಮೇಲೆ ನಾನು ಪರದಾಡುವುದನ್ನು ನೋಡಿ, "ಇದೇನ್ರೀ ಅಳಿಯಂದ್ರೆ, ಹೀಗೆ ಹರವಿಕೊಂಡು ಕೂತಿದೀರಿ" ಅಂತ ಒಗ್ಗರಣೆ ಡಬ್ಬಿ ತಂದು ಇಟ್ಟರು. ಸುತ್ತ ಆರು ಬಟ್ಟಲು, ನಡುವೆ ಒಂದು. ಮೂಲೆಯ ಸೀಲ್ ಆರೂ ಸುತ್ತಲಿನ ಬಟ್ಟಲಿಗೆ, ಸ್ಪ್ರಿಂಗ್ ನಡುವಿಗೆ. ಇದನ್ನು ಮಾಡಿದವರಿಗೆ ರೋಟರಿ ಇಂಜಿನ್ ಗೊತ್ತಿತ್ತೇನೋ! ಎರಡನೇ ರೋಟರಿಗೆ ಇಂಡಿಯನ್ ಅಂಗಡಿಯಿಂದ ಇನ್ನೊಂದು ಡಬ್ಬಿ ಕೊಂಡೆ.

ಜೋಡಿಸುವ ದಿನ ಹೆಂಡತಿ ಮಗುವನ್ನು ಅತ್ತೆಗೆ ಕೊಟ್ಟು ಬಂದಳು. ಪ್ಲೇಟು, ಹೌಸಿಂಗು, ಪ್ಲೇಟು, ಹೌಸಿಂಗು, ಪ್ಲೇಟು. ಐದು ಅಂತಸ್ತಿನ ಟಿಫಿನ್ ಕ್ಯಾರಿಯರ್ ಅಂದುಕೊಳ್ಳಿ, ಉದ್ದನೆಯ ಬೋಲ್ಟುಗಳು ಎಲ್ಲವನ್ನೂ ಬಿಗಿದು ಹಿಡಿಯುತ್ತವೆ. ಸೀಲ್ ಬೀಳದ ಹಾಗೆ ವ್ಯಾಸಲೀನ್ ಹಚ್ಚಿ ಕೂರಿಸಿದ್ದು ಅವಳ ಬೆರಳು, ನನ್ನದು ದಪ್ಪ. ಫ್ಲೈವೀಲಿನ 54 ಮಿಲಿಮೀಟರ್ ನಟ್ಟಿಗೆ ಪೈಪ್ ಹಾಕಿ ಇಬ್ಬರೂ ನೇತಾಡಿದೆವು.

ಹಿರೋಶಿಮಾದಲ್ಲಿ 1960ರ ದಶಕದಲ್ಲಿ ಈ ಸೀಲಿನ ಹಿಂದೆ ಬಿದ್ದಿದ್ದ ಮಾಜ್ದಾ ಇಂಜಿನಿಯರ್ ಕೆನಿಚಿ ಯಾಮಾಮೊಟೊ ಮತ್ತು ಅವರ ತಂಡವನ್ನೂ ನೆನೆಯಬೇಕು. ಹೌಸಿಂಗಿನ ಒಳಗೆ ಏಳುತ್ತಿದ್ದ ಅಲೆಯಂಥ ಗೀರುಗಳಿಗೆ ದೆವ್ವದ ಉಗುರು ಅಂತ ಹೆಸರಿಟ್ಟು, ಅದನ್ನು ಗೆದ್ದು, 1967ರಲ್ಲಿ ರೋಟರಿ ಇಂಜಿನ್ನಿನ ಕಾಸ್ಮೊ ಕಾರು ಹೊರತಂದರು. ಅವರಿಗೆ ಹೋಲಿಸಿದರೆ ನನ್ನ ನಾಲ್ಕು ತಿಂಗಳ ಮುನಿಸು ಏನೂ ಅಲ್ಲ.

ಮೊದಲ ಸ್ಟಾರ್ಟಿಗೆ ಬೀದಿ ತುಂಬ ಹೊಗೆ. ಒಳಗಿದ್ದ ಆಯಿಲ್, ವ್ಯಾಸಲೀನ್ ಎಲ್ಲ ಸುಟ್ಟು ಹೋಗಬೇಕಲ್ಲ. ಎದುರುಮನೆಯವರು ಬೈಯದೆ ಕಿಟಕಿ ಮಾತ್ರ ಮುಚ್ಚಿಕೊಂಡರು, ಅವರಿಗೂ ಥ್ಯಾಂಕ್ಸ್. ಕಾರ್ಬ್ಯುರೇಟರಿನ ಜೆಟ್ ಎರಡು ಸಲ ಬದಲಾಯಿಸಿದೆ, ಪ್ಲಗ್ಗಿನ ಬಣ್ಣ ಈಗ ಕಾಫಿಪುಡಿ ಹಾಗಿದೆ, ಅಂದರೆ ಪೆಟ್ರೋಲ್, ಗಾಳಿಯ ಹದ ಸರಿಯಾಗಿದೆ. ಐಡ್ಲಿಂಗ್ ಸ್ವಲ್ಪ ಕುಂಟುತ್ತದೆ, ಕುಂಟಲಿ.

ಹಿರಿಯರು ದುಡ್ಡಿನ ಬದಲು ಚಟ್ನಿಪುಡಿ ಕೇಳಿದ್ದಾರೆ, ಅತ್ತೆ ಊರಿಂದ ಎರಡು ಕೆಜಿ ಕಳಿಸಿದ್ದಾರೆ. ಹಳೇ ಡಬ್ಬಿಯನ್ನು ಬಿಸಿನೀರಲ್ಲಿ ನಾಲ್ಕು ಸಲ ತೊಳೆದು ಅಡುಗೆಮನೆಗೆ ವಾಪಸ್ ಇಟ್ಟಿದ್ದೇನೆ. ಹೆಂಡತಿ ಅದಕ್ಕೆ ಸಾಸಿವೆ ಹಾಕಲು ಇನ್ನೂ ಒಪ್ಪಿಲ್ಲ.