ಪಿಡಿಎಫ್‌ನಲ್ಲಿ ಕಂಡ ಗ್ರಂಥಾಲಯದ ಸೀಲು

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ಗ್ರಂಥಾಲಯ ಇಲಾಖೆಯೂ ನಿಮ್ಮ ಕೈಯಲ್ಲೇ ಇರುವುದರಿಂದ ಈ ಪತ್ರ ನಿಮಗೆ.

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಹಳೇ ಕಾದಂಬರಿಯ ಪಿಡಿಎಫ್ ಬಂತು. ಎರಡು ವರ್ಷದಿಂದ ಹುಡುಕುತ್ತಿದ್ದ ಪುಸ್ತಕ. ತಕ್ಷಣ ಇಳಿಸಿಕೊಂಡೆ. ಮೊದಲ ಪುಟದಲ್ಲೇ ನೇರಳೆ ಶಾಯಿಯ ದುಂಡು ಸೀಲು, ಯಾವುದೋ ಸಾರ್ವಜನಿಕ ಗ್ರಂಥಾಲಯದ್ದು. ಅಂಚಿನಲ್ಲಿ ಒಂದು ಹೆಬ್ಬೆರಳು. ಯಾರೋ ಪುಸ್ತಕ ಎರವಲು ತಂದು, ಮೊಬೈಲಲ್ಲಿ ಒಂದೊಂದೇ ಪುಟದ ಫೋಟೊ ಹೊಡೆದಿದ್ದಾರೆ. 212 ಪುಟ! ಇಷ್ಟು ತಾಳ್ಮೆ ಇರುವ ಕಳ್ಳನನ್ನು ಬೈಯೋಕೂ ಮನಸ್ಸು ಬರಲಿಲ್ಲ.

ಅದೇ ಗುಂಪಿಗೆ ಹೊಸ ಕಥಾಸಂಕಲನಗಳು, ಆ ವಾರದ ಪತ್ರಿಕೆಗಳೂ ಬರುತ್ತವೆ. ಅದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಒಂದು ವಾಟ್ಸಾಪ್ ಗುಂಪಿನಲ್ಲಿ 1,024 ಜನ ಇರಬಹುದು. ಒಂದೇ ಒಂದು ಫಾರ್ವರ್ಡ್‌ಗೆ ಇಡೀ ಮುದ್ರಣವೇ ಬಿಟ್ಟಿ ಹೋದ ಲೆಕ್ಕ. ಅವರೆಲ್ಲ ಕೊಳ್ಳುತ್ತಿದ್ದರು ಅಂತಲ್ಲ. ನೂರು ಜನ ಕೊಂಡಿದ್ದರೂ ಪ್ರಕಾಶಕರ ಕಾಗದದ ಬಾಕಿಯಲ್ಲಿ ಒಂದಿಷ್ಟು ತೀರುತ್ತಿತ್ತು, ಅಲ್ವಾ?

ಹಳೇ ಕಾದಂಬರಿಯ ಕಥೆ ಬೇರೆ. ಅದರ ಪ್ರಕಾಶನ ಮುಚ್ಚಿಹೋಗಿದೆ. ಲೇಖಕರು ತೀರಿಕೊಂಡು ಮೂವತ್ತು ವರ್ಷವಾಯಿತು. ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅಂದರೆ ಇನ್ನೂ ಮೂವತ್ತು ವರ್ಷ ಯಾರೂ ಅದನ್ನು ಅಚ್ಚು ಹಾಕುವುದಿಲ್ಲ, ಹಾಗಂತ ಯಾರೂ ಹಂಚುವಂತೆಯೂ ಇಲ್ಲ. ನಮ್ಮೂರ ಗ್ರಂಥಾಲಯದಲ್ಲಿ ಕೇಳಿದ್ದಕ್ಕೆ, 'ಪಟ್ಟೀಲಿ ಇದೆ ಸಾರ್, ಬೀರುವಿನಲ್ಲಿ ಇಲ್ಲ' ಅಂದರು.

ನಾನು ಬಿಟ್ಟಿ ಓದುವವನೇನಲ್ಲ. ಮನೆ ಕಂದಾಯದ ರಸೀದಿ ಇಲ್ಲೇ ಮುಂದಿದೆ. ಆರೋಗ್ಯ ಕರ, ಭಿಕ್ಷುಕರ ಕರದ ಜತೆ ಗ್ರಂಥಾಲಯ ಕರ. ಕಂದಾಯದ ಪ್ರತಿ ನೂರು ರೂಪಾಯಿಗೆ ಆರು. 1965ರ ಕಾಯ್ದೆಯಿಂದ ಬಂದದ್ದು. ನಮ್ಮಿಂದ ವಸೂಲಿ ಮಾಡಿದ ಈ ದುಡ್ಡನ್ನು ಎಷ್ಟೋ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಂಡಿವೆ. ನಾನು ಪಿಡಿಎಫ್ ಇಳಿಸಿಕೊಂಡಿದ್ದು ಕಳ್ಳತನವಾದರೆ, ಇದನ್ನು ಏನಂತ ಕರೆಯೋಣ?

ಆ ಬಾಕಿ ವಸೂಲಿ ಮಾಡಿಸಿ. ಹೊಸ ಪುಸ್ತಕಗಳನ್ನು ಆಯಾ ವರ್ಷವೇ ಕೊಳ್ಳಿ. ಅಂಗಡಿಯಲ್ಲಿ ಸಿಗದ ಹಳೇ ಪುಸ್ತಕಗಳಿಗೆ ಹಕ್ಕುದಾರರ ಮನೆ ಹುಡುಕಿ, ಇಷ್ಟು ಅಂತ ದುಡ್ಡು ಕೊಟ್ಟು, ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೆ ಹಾಕಿ. ಒಬ್ಬ ಓದುಗನಿಂದ ಆಗುವ ಕೆಲಸವಲ್ಲ ಇದು. ಹಕ್ಕು ಮುಗಿದ ಪುಸ್ತಕಗಳಿಗಂತೂ ಯಾರನ್ನೂ ಕೇಳಬೇಕಾಗಿಲ್ಲ. ತ್ರಿವೇಣಿಯವರು ತೀರಿಕೊಂಡಿದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳ ಹಕ್ಕು 2023ರ ಕೊನೆಗೇ ಮುಗಿಯಿತು. (ನಮ್ಮ ಗುಂಪಿನಲ್ಲಿ ಅವನ್ನು 'ಯಾರಿಗೂ ಹೇಳಬೇಡಿ' ಅಂತ ಹಂಚುತ್ತಾರೆ. ಹೋದ ತಿಂಗಳು ಬಿಡುಗಡೆಯಾದ ಪುಸ್ತಕ ಮಾತ್ರ ರಾಜಾರೋಷವಾಗಿ ಬರುತ್ತೆ!)

ಇನ್ನು ನನ್ನ ವಿಷಯ. ವಾರಪತ್ರಿಕೆಯನ್ನು ಈಗ ಅಂಗಡಿಯಲ್ಲೇ ಕೊಳ್ಳುತ್ತೇನೆ. ಆ ಕಾದಂಬರಿಯನ್ನು ಅಳಿಸಿಲ್ಲ, ಓದಿ ಮುಗಿಸಿದೆ. 187ನೇ ಪುಟ ಮಸುಕಾಗಿದೆ, ಫೋಟೊ ಹೊಡೆಯುವಾಗ ಕೈ ಅಲ್ಲಾಡಿರಬೇಕು. ಲೇಖಕರ ಮನೆಯವರಿಗೆ ಸೇರಬೇಕಾದ ದುಡ್ಡು ತೆಗೆದಿಟ್ಟಿದ್ದೇನೆ. ಎಲ್ಲಿ ಕಟ್ಟಬೇಕು ಅಂತ ನಿಮ್ಮ ಇಲಾಖೆ ತಿಳಿಸಲಿ.

ಇಂತಿ,
ಗ್ರಂಥಾಲಯ ಕರ ಕಟ್ಟುವ ಒಬ್ಬ ಓದುಗ